ಆಧಾರ ಮಾದರಿ

ನನ್ನ ಗಂಡನ ಯಕೃತ್ತಿನ ಚೂರು ನಮ್ಮ ಕೇಂದ್ರಕ್ಕೆ ಬಂದದ್ದು ಅವನು ತೀರಿಕೊಂಡ ಹದಿನಾಲ್ಕು ತಿಂಗಳ ನಂತರ. ಏಪ್ರಿಲ್ ಇಪ್ಪತ್ತೊಂದು, ಸೋಮವಾರ ಬೆಳಿಗ್ಗೆ. ಇನ್ನೂ ಇಪ್ಪತ್ತೆರಡು ಜನರ ಚೂರುಗಳ ಜೊತೆ, ಡ್ರೈ ಐಸ್ ತುಂಬಿದ ಒಂದೇ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯಲ್ಲಿ ಹೆಸರುಗಳಿರುವುದಿಲ್ಲ, ಸಂಖ್ಯೆಗಳಿರುತ್ತವೆ. ಅವನ ಚೂರಿನ ಸಂಖ್ಯೆ ಬರೆದು ಆಸ್ಪತ್ರೆಯವರು ಕೊಟ್ಟ ರಸೀದಿ ನನ್ನ ಕೈಚೀಲದಲ್ಲೇ ಇತ್ತು. ಹನ್ನೊಂದನೆಯ ಚೂರಿನ ಸಂಖ್ಯೆಯನ್ನು ಗುರುತಿಸಲು ನಾನು ರಸೀದಿ ತೆಗೆಯಬೇಕಾಗಲಿಲ್ಲ.

ಸಂಬಂಧಿಕರ ಮಾದರಿಯನ್ನು ನಾವು ಮುಟ್ಟಬಾರದು ಎಂಬ ನಿಯಮವಿದೆ. ಹತ್ತನೆಯದು ಮುಗಿಯಿತು, ಹನ್ನೊಂದನೆಯದನ್ನು ಯಂತ್ರಕ್ಕೆ ಹಾಕಿದೆ. ನಲವತ್ತು ನಿಮಿಷದ ನಂತರ ಪರದೆಯ ಮೇಲೆ ಮೂರು ಸಾಲು ಬಂದವು.

ವಿಷ: ಇದೆ.

ಮೂಲ: ತಿಳಿಯದು.

ಇದೇ ಗುರುತಿರುವ ಹಿಂದಿನ ಮಾದರಿಗಳು: ನಲವತ್ತೊಂದು.

ಎರಡನೆಯ ಸಾಲು ಬರಬಾರದಾಗಿತ್ತು. ಶಿವಮಲ್ಲು ಓದು ಮುಗಿಸಿದ ದಿನದಿಂದ ಸಾಯುವವರೆಗೆ ಒಂದೇ ಕಡೆ ಕೆಲಸ ಮಾಡಿದವನು: ಹಂಸಧಾರಾ ಕೆಮಿಕಲ್ಸ್, ಒಂಬತ್ತು ವರ್ಷ, ಕೊನೆಗೆ ಹಿರಿಯ ಕೆಮಿಸ್ಟ್. ಅವನ ಮೈಯಲ್ಲಿ ವಿಷ ಸೇರಿದ್ದರೆ ಅದು ಎಲ್ಲಿಂದ ಸೇರಿತು ಎಂದು ಬೀದಿಯ ಯಾರಾದರೂ ಹೇಳಬಲ್ಲರು. ಯಂತ್ರಕ್ಕೆ ಗೊತ್ತಾಗಲಿಲ್ಲ.

ಮೊದಲೆಲ್ಲ ಕಾರ್ಖಾನೆಗಳು ವರ್ಷಕ್ಕೊಮ್ಮೆ ಒಂದು ನಮೂನೆ ತುಂಬಿ ಕೊಡುತ್ತಿದ್ದವು. ಇಂಥ ವಿಷ ಇಷ್ಟು ಕಿಲೋ ಗಾಳಿಗೆ, ಇಷ್ಟು ನೀರಿಗೆ, ಇಷ್ಟು ನೆಲಕ್ಕೆ. ಅಳೆಯುವವರೂ ಅವರೇ, ಬರೆಯುವವರೂ ಅವರೇ. ಸುಳ್ಳು ಬರೆದರೂ ತೋರಿಸಿಕೊಡುವ ದಾರಿ ಇರಲಿಲ್ಲ. ಒಂದು ಕಾರ್ಖಾನೆಯ ದ್ರಾವಕ ಇನ್ನೊಂದು ಕಾರ್ಖಾನೆಯ ದ್ರಾವಕದ ಹಾಗೆಯೇ ಇರುತ್ತದೆ. ಗುರುತು ಕಾಯಿದೆ ಬಂದ ಮೇಲೆ ಇದು ಬದಲಾಯಿತು. ಇಂಗಾಲದಲ್ಲಿ ಹಗುರದ್ದು, ತುಸು ಭಾರದ್ದು ಎಂದು ಎರಡು ಬಗೆ. ವಾಸನೆ, ಬಣ್ಣ, ವಿಷ ಯಾವುದರಲ್ಲೂ ಭೇದವಿಲ್ಲ, ತೂಕದಲ್ಲಿ ಮಾತ್ರ. ಪ್ರತಿ ಕಾರ್ಖಾನೆಯೂ ಭಾರದ ಇಂಗಾಲದಿಂದ ಮಾಡಿದ ಅದೇ ರಾಸಾಯನಿಕವನ್ನು ತನ್ನ ತೊಟ್ಟಿಗೆ ತನ್ನದೇ ಪ್ರಮಾಣದಲ್ಲಿ ಸ್ವಲ್ಪ ಬೆರೆಸಬೇಕು. ಆ ಪ್ರಮಾಣವೇ ಅದರ ಗುರುತು. ಆಮೇಲೆ ಆ ದ್ರಾವಕ ಎಲ್ಲೇ ಸೇರಲಿ, ಕೆರೆಗೆ, ಎಮ್ಮೆಯ ಹಾಲಿಗೆ, ಮನುಷ್ಯನ ಕೊಬ್ಬಿಗೆ, ನಮ್ಮ ಯಂತ್ರ ಅದನ್ನು ಓದಿ ಕಾರ್ಖಾನೆಯ ಹೆಸರು ಹೇಳುತ್ತದೆ.

ಹೇಳಬೇಕಾದರೆ ಹೋಲಿಸಿ ನೋಡಲು ಒಂದು ಮಾದರಿ ಬೇಕು. ಅದಕ್ಕೆ ಆಧಾರ ಮಾದರಿ ಎನ್ನುತ್ತೇವೆ. ಐದು ವರ್ಷಕ್ಕೊಮ್ಮೆ ಕಾರ್ಖಾನೆ ತನ್ನ ಗುರುತನ್ನು ಬದಲಾಯಿಸುತ್ತದೆ. ಆಗ ಸರ್ಕಾರದ ಇನ್‌ಸ್ಪೆಕ್ಟರ್ ಹೋಗಿ, ತೊಟ್ಟಿಯಿಂದ ಎರಡು ಎಂಎಲ್ ತೆಗೆದು, ಗಾಜಿನ ಆಂಪೂಲಿಗೆ ತುಂಬಿ, ಅದರ ಕುತ್ತಿಗೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ಮಹಜರು ಬರೆದು ನಮಗೆ ತಂದುಕೊಡಬೇಕು. ನಮ್ಮ ಕೇಂದ್ರ ಮೈಸೂರಿನ ವರ್ತುಲ ರಸ್ತೆಯ ಆಚೆಗಿದೆ. ಅಲ್ಲಿ ಆರು ಜಿಲ್ಲೆಗಳ ಆಂಪೂಲುಗಳಿವೆ.

ಹೋಲಿಕೆ ಸಿಗದಿದ್ದರೆ ಕಡತದ ಮೇಲೆ 'ಮೂಲ ತಿಳಿಯದು, ಬಹುಶಃ ಅಪರಿಚಿತ ಟ್ಯಾಂಕರ್' ಎಂದು ಬರೆದು ಮುಚ್ಚುವುದು ನಮ್ಮಲ್ಲಿ ವಾಡಿಕೆ. ಕದ್ದು ಸುರಿದು ಹೋಗುವ ಟ್ಯಾಂಕರುಗಳು ಇರುವುದೂ ನಿಜ. ಮೂಲ ತಿಳಿಯದಿದ್ದರೆ ಬೋರ್‌ವೆಲ್ ಮುಚ್ಚಿಸುವ ಅಧಿಕಾರ ಯಾರಿಗೂ ಇಲ್ಲ. ಬದಲಿ ನೀರು ಯಾರು ಕೊಡಬೇಕು ಎಂಬ ಪ್ರಶ್ನೆ ಬರುತ್ತದೆ.

ನಲವತ್ತೊಂದು ಕಡತಗಳನ್ನೂ ತೆಗೆಸಿದೆ. ಎಲ್ಲವೂ ಹೊನ್ನೇಕೊಪ್ಪಲು ಮತ್ತು ಅದರ ಸುತ್ತಲಿನವು. ಬೋರ್‌ವೆಲ್ ನೀರು, ಶಾಲೆಯ ಸಂಪಿನ ನೀರು, ಎರಡು ಮಕ್ಕಳ ರಕ್ತ. ಹೊನ್ನೇಕೊಪ್ಪಲು ಹಂಸಧಾರಾದ ಹಿಂಬದಿಯ ಗೋಡೆಯಿಂದ ಒಂದೂವರೆ ಕಿಲೋಮೀಟರ್. ಶಿವಮಲ್ಲು ಹುಟ್ಟಿದ ಊರು. ಅವನ ತಾಯಿ ಈಗಲೂ ಅಲ್ಲೇ ಇದ್ದಾರೆ. ನಲವತ್ತೊಂದರ ಕೆಳಗೂ 'ಅಪರಿಚಿತ ಟ್ಯಾಂಕರ್' ಎಂದು ಬರೆದು ಸಹಿ ಹಾಕಿದವಳು ನಾನು.

ಆಂಪೂಲು ಕೋಣೆಯ ದೊರೆಸ್ವಾಮಿ ನಿವೃತ್ತಿಗೆ ಎರಡು ವರ್ಷ ಇರುವವರು. ಕೀಲಿಕೈ ಗೊಂಚಲನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಾರೆ. ಹಂಸಧಾರಾ ಎಂದೆ. ಅವರು ಮರದ ಗೂಡಿನಿಂದ ಆಂಪೂಲನ್ನು ತೆಗೆದು ಹತ್ತಿಯ ಮೇಲಿಟ್ಟರು.

ಅದನ್ನು ಬೆಳಕಿಗೆ ಹಿಡಿದೆ. ಮುಚ್ಚಿದ ತುದಿಯಲ್ಲಿ ಗಾಜಿನ ಸಣ್ಣ ಬಾಲ ಎಡಕ್ಕೆ ಸುತ್ತಿಕೊಂಡಿತ್ತು.

ಎಂಎಸ್ಸಿಯಲ್ಲಿ ನಾವಿಬ್ಬರೂ ಒಂದೇ ಬರ್ನರಿನ ಮುಂದೆ ಗಾಜು ಕರಗಿಸಲು ಕಲಿತವರು. ಮೇಷ್ಟ್ರು ಬಲಕ್ಕೆ ತಿರುಗಿಸಿ ಎಳೆಯಲು ಹೇಳಿಕೊಟ್ಟರು. ಎಲ್ಲರೂ ಬಲಕ್ಕೇ ತಿರುಗಿಸುತ್ತಿದ್ದೆವು. ಅವನೊಬ್ಬ ಎಡಚ. ಎಷ್ಟು ಬೈದರೂ ಅವನ ಆಂಪೂಲಿಗೆ ಎಡಕ್ಕೆ ಸುತ್ತಿದ ಬಾಲ ಉಳಿಯುತ್ತಿತ್ತು. 'ಹಂದಿ ಬಾಲ' ಎಂದು ತರಗತಿಯಲ್ಲಿ ನಗುತ್ತಿದ್ದರು. ಮದುವೆಗೆ ಮುಂಚೆ ಒಂದು ಆಂಪೂಲಿನಲ್ಲಿ ಹೊಂಗೆಯ ಒಂದು ಹೂವನ್ನು ಮುಚ್ಚಿ ಕೊಟ್ಟಿದ್ದ. ಅದಕ್ಕೂ ಹಾಗೇ ಇತ್ತು.

"ಇದನ್ನ ಸೀಲ್ ಮಾಡಿದ್ದು ಇನ್‌ಸ್ಪೆಕ್ಟರಾ ದೊರೆಸ್ವಾಮಿ?"

"ಕಾಗದದ ಪ್ರಕಾರ ಹೌದು ಮೇಡಂ."

"ಕಾಗದ ಬಿಡಿ."

ಅವರು ನಕ್ಕರು. "ಇನ್‌ಸ್ಪೆಕ್ಟ್ರುಗಳಿಗೆ ಬೆಂಕಿ ಕಂಡ್ರೆ ಭಯ. ಹಿಂದೆ ಒಬ್ರು ಮೀಸೆ ಸುಟ್ಕೊಂಡ್ರು. ಅರ್ಧ ಮೀಸೇಲೇ ಮೂರು ತಿಂಗಳು ಆಫೀಸಿಗೆ ಬಂದ್ರು ಪಾಪ. ಅವತ್ತಿಂದ ಮಹಜರಿಗೆ ಸಹಿ ಹಾಕಿ ಟೀ ಕುಡಿಯಕ್ಕೆ ಎದ್ದು ಹೋಗ್ತಾರೆ. ವಾಪಸ್ ಬರೋ ಹೊತ್ತಿಗೆ ಕಾರ್ಖಾನೆ ಕೆಮಿಸ್ಟು ಮುಚ್ಚಿ ಇಟ್ಟಿರ್ತಾನೆ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ನಾನು ಯಂತ್ರದ ಮುಂದೆ ಕೂರುವವಳು.

ಆಂಪೂಲಿನಿಂದ ಒಂದು ಹನಿ ತೆಗೆದು ಓದಿಸಿದೆ. ಅದರಲ್ಲಿದ್ದ ಗುರುತು ನಲವತ್ತೊಂದು ಮಾದರಿಗಳಲ್ಲೂ ಇರಲಿಲ್ಲ, ಹನ್ನೊಂದನೆಯ ಚೂರಿನಲ್ಲೂ ಇರಲಿಲ್ಲ. ಭೂಮಿಯ ಮೇಲೆ ಎಲ್ಲಿಯೂ ಇರಲಿಕ್ಕಿಲ್ಲ. ಯಾರೋ ಒಂದು ಬೀಕರಿನಲ್ಲಿ, ಎರಡು ಎಂಎಲ್‌ಗಾಗಿ ಮಾತ್ರ ಕಲಸಿದ ಗುರುತು ಅದು. ತೊಟ್ಟಿಯಲ್ಲಿದ್ದದ್ದು ಬೇರೆ. ಹಾಗಾಗಿ ಐದು ವರ್ಷ ಹಂಸಧಾರಾದಿಂದ ಏನು ಸೋರಿದರೂ ಅದು ಹಂಸಧಾರಾದ್ದಲ್ಲ. ಐದು ವರ್ಷವೂ ಅವರ ವಾರ್ಷಿಕ ವರದಿಯಲ್ಲಿ ನೀರಿಗೆ ಬಿಟ್ಟ ವಿಷ ಸೊನ್ನೆ. ಆ ಸೊನ್ನೆಯನ್ನು ಸರಿ ಎಂದು ಒಪ್ಪಿ ಕಳಿಸಿದ್ದು ನಮ್ಮ ಕೇಂದ್ರ.

ಐದು ವರ್ಷದ ಹಿಂದೆ, ಮದುವೆಯಾದ ಹೊಸತು. ಕಂಪನಿಯ ಕ್ವಾರ್ಟರ್ಸಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು. ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು, ಆಫೀಸಿನ ಮೇಲೆ ದೂರು ಹೇಳುವುದು ಆಗ ಇಷ್ಟ. ಆಂಪೂಲು ಒಮ್ಮೆ ಬಂದರೆ ಮುಗಿಯಿತು, ಅದನ್ನು ಯಾರೂ ಮತ್ತೆ ತೊಟ್ಟಿಯ ಜೊತೆ ಹೋಲಿಸಿ ನೋಡುವುದಿಲ್ಲ, ಐದು ವರ್ಷ ನಮಗೆ ಅದೇ ವೇದವಾಕ್ಯ ಎಂದು ಹೇಳಿ ನಕ್ಕಿದ್ದೆ. ಇದು ಹೊರಗೆ ಹೇಳುವ ಮಾತಲ್ಲ. ಮನೆಯನ್ನು ನಾನು ಹೊರಗೆ ಎಂದುಕೊಂಡಿರಲಿಲ್ಲ.

"ಯಾರೂ ನೋಡಲ್ವಾ?" ಎಂದು ಕೇಳಿದ್ದ.

"ಯಾರೂ ನೋಡಲ್ಲ."

"ಇನ್ನೊಂದು ಚೂರು ಸಾರು ಹಾಕು" ಎಂದಿದ್ದ.

ಹಂಸಧಾರಾದ ಮಹಜರಿನ ದಿನಾಂಕ ನೋಡಿದೆ. ಆ ಭಾನುವಾರದ ನಂತರ ಹತ್ತೊಂಬತ್ತನೆಯ ದಿನ.

ಉಪನಿರ್ದೇಶಕಿ ಫರ್ಹಾನಾ ಮೇಡಂ ಬಾಗಿಲು ಹಾಕಿಸಿ ಪೂರ್ತಿ ಕೇಳಿದರು. ಕೊನೆಗೆ, "ಹೊಸದಾಗಿ ತೊಟ್ಟಿಯಿಂದ ತೆಗೆಸೋಣ ಅಂದ್ರೆ ಆಗಲ್ಲ, ದಾಕ್ಷಾಯಿಣಿ. ಮಾರ್ಚ್ ಮೂವತ್ತೊಂದಕ್ಕೆ ಅವರು ಗುರುತು ಬದಲಾಯಿಸಿಯಾಯ್ತು. ಹಳೇದು ಈಗ ಅವರ ಹತ್ರ ಒಂದು ಹನಿಯೂ ಇರಲ್ಲ" ಎಂದರು.

"ಬಾವಿಗಳಲ್ಲಿ ಇದೆ. ಜನರ ಮೈಯಲ್ಲಿದೆ."

"ಅದು ಅವರದ್ದೇ ಅಂತ ತೋರಿಸೋಕೆ ಆಧಾರ ಬೇಕು. ತಕರಾರಿಗೆ ಕೊನೇ ದಿನ ಈ ತಿಂಗಳ ಮೂವತ್ತು. ಆಮೇಲೆ ಐದು ವರ್ಷದ ಸೊನ್ನೆ ಖಾಯಂ. ಯಾವ ಕೋರ್ಟೂ ತೆಗೆಯೋಕಾಗಲ್ಲ."

ಒಂಬತ್ತು ದಿನ ಇತ್ತು.

ಮೇಡಂ ಕಾಯಿದೆಯ ಪುಸ್ತಕ ತೆರೆದರು. ಯಾರೂ ಒಮ್ಮೆಯೂ ಬಳಸದ ಒಂದು ನಿಯಮ ಅದರಲ್ಲಿತ್ತು. ಆಂಪೂಲು ಸುಳ್ಳೆಂದು ಸಾಬೀತಾದರೆ, ಒಂದೇ ಕಾರ್ಖಾನೆಯಲ್ಲಿ ಕನಿಷ್ಠ ಐದು ವರ್ಷ ದುಡಿದು, ಬೇರೆಲ್ಲೂ ದುಡಿಯದೆ ಸತ್ತ ನೌಕರನ ಅಂಗಾಂಶವನ್ನು ಆ ಕಾರ್ಖಾನೆಯ ಆಧಾರ ಮಾದರಿಯಾಗಿ ಸ್ವೀಕರಿಸಬಹುದು. ಹೆಂಡತಿ ಮತ್ತು ತಾಯಿ ಇಬ್ಬರೂ ವಿಷಯ ತಿಳಿದು ಒಪ್ಪಿ ಸಹಿ ಹಾಕಬೇಕು.

ಬದುಕಿದ್ದಾಗ ಅವನು ಬಯಾಪ್ಸಿಗೆ ಒಪ್ಪಿರಲಿಲ್ಲ. ಸೂಜಿಗೆ ಹೆದರುತ್ತಾನೆ ಎಂದುಕೊಂಡಿದ್ದೆ. ಡಾಕ್ಟರ ಮುಂದೆ ಅವನ ಪರವಾಗಿ ವಾದಿಸಿದ್ದೆ ಕೂಡ. ಚೂರು ತೆಗೆದದ್ದು ಸತ್ತ ಮೇಲೆ, ತೀರಿಕೊಂಡ ಕಾರ್ಖಾನೆ ನೌಕರರ ಅಂಗಾಂಶ ತೆಗೆದಿಡಬೇಕೆಂಬ ಕಾಯಿದೆಯ ಪ್ರಕಾರ.

"ಆಂಪೂಲು ಸುಳ್ಳು ಅನ್ನೋದನ್ನ ನೀವೇ ಬರೆದುಕೊಡಬೇಕಾಗುತ್ತೆ" ಎಂದರು ಮೇಡಂ. "ಸುಳ್ಳು ಕೊಡೋಕೆ ಕಾರ್ಖಾನೆಯವರಿಗೆ ಹೇಗೆ ಧೈರ್ಯ ಬಂತು ಅಂತ ಕೇಳ್ತಾರೆ. ನೀವು ಮನೇಲಿ ಹೇಳಿದ್ದು ಬರೆಯಬೇಕು. ಕೆಲಸ ಹೋಗುತ್ತೆ."

"ಹ್ಞೂಂ."

"ಅವನ ಹೆಸರೂ ಹೋಗುತ್ತೆ."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ನೀರಿನ ಲೋಟ ಸರಿಸಿದರು.

ಬುಧವಾರ ಹೊನ್ನೇಕೊಪ್ಪಲಿಗೆ ಹೋದೆ. ಅತ್ತೆ ಚಿಕ್ಕತಾಯಮ್ಮ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದರು. ಕೈಯಲ್ಲಿ ಸುತ್ತಿಗೆ, ಮುಂದೆ ಕಲ್ಲು, ಸುತ್ತ ಬೀಜ. ನನ್ನನ್ನು ಕಂಡು ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ನಡೆಯುವಾಗ ಎಡಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು. ಅವರಿಗೆ ಅದು ತಿಳಿಯಲಿಲ್ಲ.

"ಕಾಲು ಹೇಗಿದೆ ಅತ್ತೆ?"

"ಅದೆ ಕಣವ್ವ, ಮರದ ಕಾಲು. ಮೊನ್ನೆ ಬೂದೀಲಿದ್ದ ಕೆಂಡ ತುಳಿದಿದ್ದೀನಿ, ಸುಟ್ಟ ವಾಸ್ನೆ ಬಂದ ಮ್ಯಾಲೆ ಗ್ವತ್ತಾಯ್ತು. ಈ ಬೀದಿಲಿ ಎಲ್ರುದೂ ಅಂಗೇ. ಪಕ್ಕದ ಮನೆ ಕೆಂಪಾಜಿ ಅಂತಾಳೆ, ನಮ್ ಕಾಲ್ನೆಲ್ಲ ಒಂದ್ ಕಡೆ ಗುಡ್ಡೆ ಹಾಕಿ ಸೌದೆ ಮಾಡ್ಕಬೌದು ಅಂತ." ಅವರೇ ನಕ್ಕರು.

ನಾನು ಚೊಂಬನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

"ಕುಡಿ. ಬೋರ್ ನೀರೇ, ಆದ್ರೆ ಸಿಹಿ ನೀರು. ಅವನು ತಂದಾಕ್ತಿದ್ದನಲ್ಲ ಕ್ಯಾನು, ಅದು ಸಪ್ಪೆ. ಬಾಯಿಗೇ ಹತ್ತಕಿಲ್ಲ."

"ಯಾವ ಕ್ಯಾನು?"

"ನಿಂಗೊತ್ತಿಲ್ವಾ? ವಾರವಾರ ಒಂದು ಕ್ಯಾನು. ದೊಡ್ಡದು, ಇಪ್ಪತ್ತು ಲೀಟ್ರುದು. ಡಾಕುಟ್ರು ಹೇಳವ್ರೆ, ನೀನು ಇದ್ನೇ ಕುಡೀಬೇಕು ಕಣವ್ವ ಅಂತಿದ್ದ. ಒಂದು ವಾರನೂ ತೆಪ್ಪಿಸ್ನಿಲ್ಲ. ಹಾಸಿಗೆ ಹಿಡಿಯೋಗಂಟ."

"ಯಾವಾಗಿಂದ ತರ್ತಿದ್ದ?"

ಅವರು ಸುತ್ತಿಗೆ ಕೆಳಗಿಟ್ಟು ಲೆಕ್ಕ ಹಾಕಿದರು. "ನಿಮ್ಮ ಮದ್ವೆ ಆಯ್ತಲ್ಲ, ಅದಾದ್ ಮ್ಯಾಲಿನ ಮಳೆಗಾಲದಿಂದ."

ಮಹಜರು ಆದದ್ದು ಆ ವರ್ಷದ ಏಪ್ರಿಲ್ ತಿಂಗಳಲ್ಲಿ.

"ಆ ನೀರು ನೀವು ಕುಡಿದ್ರಾ ಅತ್ತೆ?"

"ಸಪ್ಪೆ ಅಂದ್ನಲ್ಲ. ಅವನ ಮುಂದೆ ಒಂದ್ ಲೋಟ ಕುಡಿಯೋದು. ಅವನು ಅತ್ಲಾಗೆ ಹೋಯ್ತಿದ್ದಂಗೆ ಎಮ್ಮೆಗೆ ಹಾಕಿಬುಡೋದು." ಆಮೇಲೆ, ಸಣ್ಣ ತಪ್ಪೊಂದನ್ನು ಒಪ್ಪಿಕೊಳ್ಳುವ ಹಾಗೆ, "ಮಗ ಹೊತ್ಕೊಂಡು ಬತ್ತಾನೆ ಅಂತ ಬೀದಿಯವ್ರು ನೋಡ್ಲಿ ಅಂತ ಬ್ಯಾಡ ಅನ್ನನಿಲ್ಲ" ಎಂದರು.

ಅದನ್ನು ಕೇಳಿದಾಗ ಅವನ ಮೇಲೆ ಸಿಟ್ಟು ಬರಲಿಲ್ಲ, ಲೆಕ್ಕವಷ್ಟೇ ಮನಸ್ಸಿಗೆ ಬಂತು. ತಾಯಿಗೆ ವಾರಕ್ಕೆ ಇಪ್ಪತ್ತು ಲೀಟರ್ ಅಳೆದು ತಂದಿದ್ದಾನೆ. ಪಕ್ಕದ ಮನೆಯ ಮುಂದೆಯೇ ಹೊತ್ತುಕೊಂಡು ಬಂದಿದ್ದಾನೆ. ಆ ಮನೆಯ ಮಗುವಿನ ರಕ್ತದ ಕಡತ ಮೂವತ್ತಾರನೆಯದು. ಅದರ ಕೆಳಗೆ ನಾನು ಸಹಿ ಹಾಕಿದ ದಿನವೂ ಅವನು ನನ್ನ ಎದುರು ಕುಳಿತು ಊಟ ಮಾಡಿದ್ದಾನೆ.

ಅವತ್ತು ಅತ್ತೆಗೆ ಏನೂ ಹೇಳದೆ ಬಂದೆ. ಹೊರಡುವಾಗ, ಈ ನೀರು ಕುಡಿಯಬೇಡಿ ಎಂದಷ್ಟೇ ಹೇಳಿದೆ. "ಮತ್ತೆ ಎಮ್ಮೆ ಹಾಲು ಕುಡ್ಕಂಡಿರ್ಲಾ?" ಎಂದು ನಕ್ಕರು.

ಶನಿವಾರ ಬೆಳಿಗ್ಗೆ ಹಂಸಧಾರಾದ ಮ್ಯಾನೇಜರ್ ಶ್ರೀವತ್ಸ ನನ್ನ ಬಾಡಿಗೆ ಮನೆಗೆ ಬಂದರು. ಆಂಪೂಲಿನ ಬಗ್ಗೆ ವಿವರಣೆ ಕೇಳಿ ಕೇಂದ್ರದಿಂದ ಅವರಿಗೆ ನೋಟಿಸು ಹೋಗಿತ್ತು. ಕೈಯಲ್ಲಿ ದಾಳಿಂಬೆಯ ಪೊಟ್ಟಣ. ಅಂತ್ಯಸಂಸ್ಕಾರದ ದಿನ ಅತ್ತವರಲ್ಲಿ ಅವರೂ ಒಬ್ಬರು.

"ಮಲ್ಲು ನಮ್ಮ ಹುಡುಗ, ದಾಕ್ಷಾಯಿಣಿಯವರೆ. ಸತ್ತವನ ಹೆಸರು ಕೆಡಿಸಿ ನಿಮಗೇನು ಸಿಗುತ್ತೆ?"

"ಕೊಪ್ಪಲಿನ ಬೋರ್‌ವೆಲ್ ಮುಚ್ಚುತ್ತಾರೆ."

"ಅದನ್ನ ಬೇರೆ ದಾರೀಲಿ ನೋಡೋಣ. ಒಂದು ಶುದ್ಧ ನೀರಿನ ಘಟಕ ಹಾಕಿಸ್ತೀವಿ. ಅವನ ಹೆಸರೇ ಇಡೋಣ. ಏನಂತೀರಿ?"

ಅಲ್ಲಿಯವರೆಗೆ ನನ್ನೊಳಗೆ ಒಂದು ಜಾಗ ಉಳಿದಿತ್ತು. ಅವನಿಂದ ಮಾಡಿಸಿದರು, ಅವನಿಗೆ ಬೇರೆ ದಾರಿ ಇರಲಿಲ್ಲ ಎಂಬ ಜಾಗ. ಅದಕ್ಕೇ ಕೇಳಿದೆ.

"ನೀವು ಅವನ ಮೇಲೆ ಒತ್ತಡ ಹಾಕಿದ್ರಾ?"

"ಒತ್ತಡಾನಾ?" ಅವರಿಗೆ ನಿಜಕ್ಕೂ ನೋವಾದಂತೆ ಕಂಡಿತು. "ನಾವ್ಯಾಕೆ ಹಾಕ್ತೀವಿ? ಹಿಂಬದಿಯ ತೊಟ್ಟಿ ತಳದಲ್ಲಿ ಸೋರ್ತಾ ಇತ್ತು. ಸರಿ ಮಾಡೋಕೆ ಆರು ತಿಂಗಳು ಪ್ಲಾಂಟ್ ನಿಲ್ಲಿಸಬೇಕು. ಏನು ಮಾಡೋದು ಅಂತ ಎಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ವಿ. ಅವನೇ ಎದ್ದು ಹೇಳಿದ್ದು. ಆಂಪೂಲು ಬೇರೆ ಕೊಡೋಣ, ಅದನ್ನ ಯಾರೂ ಹೋಲಿಸಿ ನೋಡಲ್ಲ, ನನ್ನ ಹೆಂಡತಿ ಆ ಕೇಂದ್ರದಲ್ಲೇ ಇದ್ದಾಳೆ, ಅವಳೇ ಹೇಳಿದ್ದು ಅಂತ. ಸಭೆಯ ಮಿನಿಟ್ಸ್‌ನಲ್ಲೇ ಇದೆ, ಬೇಕಾದ್ರೆ ತೋರಿಸ್ತೀನಿ. ನಿಮ್ಮ ಹೆಸರೇ ಇದೆ." ಸ್ವಲ್ಪ ಮುಂದೆ ಬಾಗಿದರು. "ಅದು ಹೊರಗೆ ಬರೋದು ನಿಮಗೆ ಒಳ್ಳೇದಲ್ಲ ಅಂತ ಅಷ್ಟೇ ನಾನು ಹೇಳೋದು."

ಆ ಸಭೆ ಕಣ್ಣಿಗೆ ಕಟ್ಟಿತು: ಒಂದು ಮೇಜು, ಸುತ್ತ ಹತ್ತು ಜನ, ಬಿಸ್ಕತ್ತಿನ ತಟ್ಟೆ. ಅದರ ಮಧ್ಯೆ ಅವನು 'ನನ್ನ ಹೆಂಡತಿ' ಎನ್ನುತ್ತಾನೆ. ಎಲ್ಲರಿಗೂ ಸಮಾಧಾನವಾಗುತ್ತದೆ.

"ಆ ಸಭೆಯಲ್ಲಿ ನೀವಿದ್ರಾ?"

"ಇದ್ದೆ."

"ಹಾಗಾದ್ರೆ ಮಿನಿಟ್ಸ್‌ನಲ್ಲಿ ನಿಮ್ಮ ಸಹಿನೂ ಇರುತ್ತೆ."

ಶ್ರೀವತ್ಸ ಹಿಂದಕ್ಕೆ ಒರಗಿದರು. ಪೊಟ್ಟಣದ ದಾರವನ್ನು ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದರು. "ನಾನು ನಿಮ್ಮ ಒಳ್ಳೇದಕ್ಕೆ ಹೇಳಿದೆ" ಎಂದು ಎದ್ದು ಹೋದರು. ನನ್ನ ಹೇಳಿಕೆಯಲ್ಲಿ ಆ ಸಭೆಯ ಮಾತನ್ನೂ ಬರೆದೆ. ಕಾಯಿದೆಯ ಪ್ರಕಾರ ಮಿನಿಟ್ಸ್ ಪುಸ್ತಕವನ್ನು ಜಪ್ತಿ ಮಾಡಲು ಅಷ್ಟು ಸಾಕಾಗಿತ್ತು. ಗೆದ್ದೆ ಎಂದು ಅನಿಸಲಿಲ್ಲ. ನನಗೆ ಉಳಿದಿದ್ದ ಆ ಒಂದು ಜಾಗವನ್ನು ಅವರು ದಾಳಿಂಬೆ ಹಿಡಿದು ಬಂದು ಮುಚ್ಚಿ ಹೋಗಿದ್ದರು.

ಭಾನುವಾರ ಮತ್ತೆ ಕೊಪ್ಪಲಿಗೆ ಹೋದೆ. ಒಪ್ಪಿಗೆ ಪತ್ರದಲ್ಲಿ 'ವಿಷಯ ತಿಳಿದು' ಎಂಬ ಮಾತಿತ್ತು, ತಿಳಿಸದೆ ಸಹಿ ಹಾಕಿಸುವಂತಿರಲಿಲ್ಲ. ಹುಣಸೆಹಣ್ಣಿನ ರಾಶಿ ಅರ್ಧ ಇಳಿದಿತ್ತು. ಎದುರು ಕುಳಿತು ಹೇಳಿದೆ. ತೊಟ್ಟಿ, ಆಂಪೂಲು, ನನ್ನ ಮಾತು, ಸಭೆ, ಕ್ಯಾನು. ಯಂತ್ರ, ಇಂಗಾಲ ಎಲ್ಲವನ್ನೂ ಬಿಟ್ಟು ಹೇಳಿದರೆ ಅದು ಬಹಳ ಚಿಕ್ಕ ಕಥೆ. ಐದು ನಿಮಿಷವೂ ಆಗಲಿಲ್ಲ.

ಅತ್ತೆ ನಡುವೆ ಸುತ್ತಿಗೆ ನಿಲ್ಲಿಸಲಿಲ್ಲ.

"ಅಂಗಾದ್ರೆ ಅವನಿಗೆ ಗ್ವತ್ತಿತ್ತು."

"ಗೊತ್ತಿತ್ತು."

"ಗ್ವತ್ತಿದ್ದೂ ನಂಗೆ ಮಾತ್ರ ಕ್ಯಾನು ತಂದ."

"ಹೌದು."

ಇನ್ನೂ ನಾಲ್ಕು ಹಣ್ಣು ಕುಟ್ಟಿದರು. ಬೀಜ ಒಂದು ಕಡೆ, ಹಣ್ಣು ಒಂದು ಕಡೆ.

"ಇದಕ್ಕೆ ಸೈನ್ ಹಾಕುದ್ರೆ ಬೋರು ಮುಚ್ತಾರಾ?"

"ಮುಚ್ತಾರೆ. ಕಾರ್ಖಾನೆಯವರು ಬೇರೆ ನೀರು ಕೊಡಬೇಕು, ಆಸ್ಪತ್ರೆಗೂ ಅವರೇ ತೋರಿಸಬೇಕು."

"ಅವನ ಹೆಸ್ರು ಬತ್ತದಾ?"

"ಬರುತ್ತೆ ಅತ್ತೆ. ಪೇಪರಿನಲ್ಲೂ ಬರುತ್ತೆ."

"ಹಾಕ್ದೆ ಇದ್ರೆ?"

"ಯಾರಿಗೂ ಏನೂ ಗೊತ್ತಾಗಲ್ಲ. ನೀರು ಹೀಗೇ ಇರುತ್ತೆ."

ಅವರು ಕೈಯನ್ನು ಸೀರೆಗೆ ಒರೆಸಿ ಪೆನ್ನು ಕೇಳಿದರು. ಸಹಿ ಮಾಡುವುದನ್ನು ಸ್ತ್ರೀಶಕ್ತಿ ಸಂಘದಲ್ಲಿ ಕಲಿತಿದ್ದರು. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ ಎತ್ತಿ ಗಂಡನ ಹೆಸರನ್ನೂ ಸೇರಿಸಿ 'ಚಿಕ್ಕತಾಯಮ್ಮ ಕೋಂ ಅಂಕಯ್ಯ' ಎಂದು ಬರೆದರು. ಕಾಗದದ ಅಂಚಿಗೆ ಹುಣಸೆಯ ಕಲೆ ಹತ್ತಿತು. ಮೇಡಂ ಅದನ್ನು ಹಾಗೇ ಸ್ವೀಕರಿಸಿದರು.

ಇಪ್ಪತ್ತೊಂಬತ್ತನೇ ತಾರೀಕು ಹನ್ನೊಂದನೆಯ ಚೂರು ಹಂಸಧಾರಾ ಕೆಮಿಕಲ್ಸಿನ ಆಧಾರ ಮಾದರಿಯಾಗಿ ನೋಂದಣಿಯಾಯಿತು. ಬೇರೊಬ್ಬರು ಯಂತ್ರದ ಮುಂದೆ ಕುಳಿತಿದ್ದರು, ನಾನು ಅಮಾನತಾಗಿ ಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಕಡತಗಳಿಗೂ ಮೂಲ ಸಿಕ್ಕಿತು. ಆಂಪೂಲುಗಳ ಪಟ್ಟಿಯಲ್ಲಿ ಗಾಜಿನ ಸಂಖ್ಯೆ ಬರೆಯುವ ಕಡೆ ಆಸ್ಪತ್ರೆಯ ಸಂಖ್ಯೆ ಬರೆದು ದೊರೆಸ್ವಾಮಿ ಹೊರಗೆ ಬಂದರು. ಏನೋ ಹೇಳಲು ನಿಂತು, "ಟೀ ತರಿಸ್ಲಾ ಮೇಡಂ?" ಎಂದರು.

ಮೇ ಎರಡನೇ ವಾರ ಕೊಪ್ಪಲಿನ ಬೋರ್‌ವೆಲ್‌ಗಳ ಹ್ಯಾಂಡಲ್ ಬಿಚ್ಚಿದರು. ಪೇಪರಿನಲ್ಲಿ ಬಂದಿತ್ತು. ಶಿವಮಲ್ಲುವಿನ ಮದುವೆಯ ಫೋಟೋ ಕತ್ತರಿಸಿ ಹಾಕಿದ್ದರು, ಅವನ ಭುಜದ ಮೇಲೆ ನನ್ನ ಕೈಯ ಬಳೆಗಳು ಮಾತ್ರ ಉಳಿದಿದ್ದವು. ನಾನು ಹೋದ ದಿನ ಶಾಲೆಯ ಮುಂದೆ ಟ್ಯಾಂಕರ್ ನಿಂತಿತ್ತು. ಬಿಂದಿಗೆಗಳ ಸಾಲು ರಾಗಿ ಮಿಲ್ಲಿನವರೆಗೆ. ಅತ್ತೆ ಕೊನೆಯಲ್ಲಿದ್ದರು. ಅವರ ಮುಂದೆ ಒಂದು ಆಳು ನಿಲ್ಲುವಷ್ಟು ಜಾಗ ಬಿಟ್ಟು ಕೆಂಪಾಜಮ್ಮ ನಿಂತಿದ್ದರು. ಮೂವತ್ತಾರನೆಯ ಕಡತ ಅವರ ಮೊಮ್ಮಗಳದು.

"ನಿಂಗ್ಯಾಕೆ ಚಿಕ್ಕತಾಯಿ ಕ್ಯೂ?" ಎಂದರು ಕೆಂಪಾಜಮ್ಮ, ತಿರುಗಿ ನೋಡದೆ. "ನಿಂಗೆ ಕ್ಯಾನು ಬತ್ತಿತ್ತಲ್ಲ."

ಎಮ್ಮೆಗೆ ಹಾಕಿದೆ ಎಂದು ಅತ್ತೆ ಹೇಳಲಿಲ್ಲ. ಸಾಲು ಮುಂದೆ ಸರಿದಾಗ ಬಿಂದಿಗೆಯನ್ನು ಕಾಲಿನಿಂದ ತಳ್ಳಲು ನೋಡಿದರು. ಕಾಲು ಬಿಂದಿಗೆಯನ್ನು ಮುಟ್ಟಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ನಾನು ಬಗ್ಗಿ ಎತ್ತಿ ಮುಂದಿಟ್ಟೆ.

ನೀರು ತುಂಬಿಕೊಂಡು ಮನೆಗೆ ಬಂದೆವು. ಬಿಂದಿಗೆ ನನ್ನ ಸೊಂಟದಲ್ಲಿತ್ತು. ಹೊಸ್ತಿಲ ಹತ್ತಿರ ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತರು.

"ಒಂದು ಮಾತು ಕೇಳ್ತೀನಿ. ನಿಂಗೂ ಗ್ವತ್ತಿತ್ತಾ?"

"ಇಲ್ಲ ಅತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ನಾನೂ ಕಣ್ಣು ತೆಗೆಯಲಿಲ್ಲ.

"ನೀರ್ನಾಗೆ ಏನಾರ ಅದಾ ಮಗ ಅಂತ ಅವನ್ನೂ ಒಂದ್ಸಲ ಕೇಳಿದ್ದೆ" ಎಂದರು. "ಇಲ್ಲ ಕಣವ್ವ ಅಂದ. ಅವನೂ ಹಿಂಗೇ ಕಣ್ಣು ನೋಡ್ಕಂಡೇ ಅಂದಿದ್ದು."

ನನ್ನ ಸೊಂಟದಿಂದ ಬಿಂದಿಗೆಯನ್ನು ತಾವೇ ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ಬಾ ಎಂದೂ ಕರೆಯಲಿಲ್ಲ.